ಸ್ಕೌಟ್ ಮಾಸ್ತರನೊಬ್ಬನ ತಪ್ಪೊಪ್ಪಿಗೆ

(ಕಲಘಟಗಿ ತಾಲೂಕಿನ ಬಮ್ಮಿಗಟ್ಟಿಯಲ್ಲಿ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳು ಸೇರಿದ್ದ ಸಭೆಯಲ್ಲಿ ಸ್ಕೌಟ್ ಮಾಸ್ತರರೊಬ್ಬರು ಆಡಿದ ಮಾತಿನ ಬರಹರೂಪ)



ಯುವಜನರು ಮತ್ತು ಕಾಡು ಎಂಬ ವಿಷಯವಾಗಿ ನಾಲ್ಕು ಮಾತನಾಡಬೇಕೆಂದು ಸಂಘಟಕರು ಅಪ್ಪಣೆ ಮಾಡಿದ್ದಾರೆ. ನಾನು ಪರಿಸರತಜ್ಞನಲ್ಲ, ಸಂಬಳವಿಲ್ಲದ ಒಬ್ಬ ಸ್ಕೌಟ್ ಮಾಸ್ತರ. ಎರಡು ದಶಕಗಳಿಗೂ ಮಿಕ್ಕಿ ವಾರಕ್ಕೊಮ್ಮೆ ಕೊರಳಿಗೆ ಸ್ಕಾರ್ಫ್ ಕಟ್ಟಿಕೊಂಡು ಹುಡುಗರ ಮುಂದೆ ನಿಂತಿದ್ದೇನೆ. ಆದ್ದರಿಂದ ಉಪದೇಶವನ್ನು ಬದಿಗಿಟ್ಟು, ನಾನು ಮಾಡಿದ ಒಂದು ತಪ್ಪನ್ನೇ ನಿಮ್ಮೆದುರು ಹೇಳಿಕೊಳ್ಳುತ್ತೇನೆ. ಈ ಊರಿನಲ್ಲಿ ಅದನ್ನು ಹೇಳುವುದು ಸೂಕ್ತವೂ ಹೌದು. ಇತ್ತ ಬಯಲುಸೀಮೆಯ ಜೋಳದ ಹೊಲ, ಅತ್ತ ಮತ್ತಿ, ಸಾಗವಾನಿಗಳ ಕಾಡು; ಈ ಅರೆಮಲೆನಾಡಿನಲ್ಲಿ ಒಂದು ಗುಡ್ಡ ಬೋಳಾದರೆ ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ನಮ್ಮ ತಾಲೂಕಿನ ಹಳ್ಳಗಳ ನೀರು ಬೇಡ್ತಿಯನ್ನು ಸೇರಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರಿನಿಂದ ಸಮುದ್ರಕ್ಕೆ ಹೋಗುತ್ತದೆ. ಹಾಗಾಗಿ ಇಲ್ಲಿಯ ಗುಡ್ಡದ ಮಣ್ಣು ಕೊಚ್ಚಿಹೋದರೆ ಕೆಳಗಿನವರಿಗೂ ಅದರ ಸುದ್ದಿ ಮುಟ್ಟುತ್ತದೆ.

ಸ್ಕೌಟಿಂಗ್ ಎಂದರೆ ಸಮವಸ್ತ್ರ, ಸೀಟಿ, ಕವಾಯತು, ಸ್ವಾತಂತ್ರ್ಯ ದಿನದಂದು ಮಂತ್ರಿಗಳಿಗೆ ವಂದನೆ ಎಂಬ ತಿಳಿವಳಿಕೆ ನಮ್ಮಲ್ಲಿದೆ. ಕವಾಯತಿನಲ್ಲಿ ಕೆಡುಕೇನೂ ಇಲ್ಲ. ಹುಬ್ಬಳ್ಳಿಯನ್ನು ನೆಲೆಯಾಗಿಸಿಕೊಂಡು 1923ರಲ್ಲಿ ಸೇವಾದಳವನ್ನು ಕಟ್ಟಿದ ನಾ. ಸು. ಹರ್ಡೀಕರರು ಅದೇ ಶಿಸ್ತನ್ನು ಸ್ವಾತಂತ್ರ್ಯದ ಹೋರಾಟಕ್ಕೆ ದುಡಿಸಿಕೊಂಡರು. ಆದರೆ ಸ್ಕೌಟಿಂಗಿನ ಮೂಲ ಬೇರೆಯದು. 1907ರ ಆಗಸ್ಟ್ ತಿಂಗಳಲ್ಲಿ ಬೇಡನ್ ಪೊವೆಲ್ ಎಂಬ ಸೇನಾನಿ ಇಂಗ್ಲೆಂಡಿನ ಬ್ರೌನ್‌ಸೀ ದ್ವೀಪಕ್ಕೆ ಇಪ್ಪತ್ತರಷ್ಟು ಹುಡುಗರನ್ನು ಕರೆದೊಯ್ದನು. ಅವರಲ್ಲಿ ಸಿರಿವಂತರ ಮಕ್ಕಳೂ ಇದ್ದರು, ದುಡಿಯುವವರ ಮಕ್ಕಳೂ ಇದ್ದರು. ಅವರನ್ನು ನಾಲ್ಕು ಪೆಟ್ರೋಲ್‌ಗಳಾಗಿ, ಎಂದರೆ ಚಿಕ್ಕ ತಂಡಗಳಾಗಿ ವಿಂಗಡಿಸಿ, ಪ್ರತಿಯೊಂದರ ಹೊಣೆಯನ್ನು ಒಬ್ಬ ಹುಡುಗನಿಗೇ ವಹಿಸಿದನು. ಮೆಫೆಕಿಂಗ್ ಮುತ್ತಿಗೆಯ ಕಾಲದಲ್ಲಿ ಬಾಲಕರು ಸುದ್ದಿ ಒಯ್ಯುವ ಕೆಲಸವನ್ನು ನಿಭಾಯಿಸಿದ್ದನ್ನು ಅವನು ಕಂಡಿದ್ದನು. ಹುಡುಗನನ್ನು ನಂಬಿ ಕೆಲಸ ಒಪ್ಪಿಸಿದರೆ ಅವನು ಆ ನಂಬಿಕೆಗೆ ತಕ್ಕಂತೆ ಬೆಳೆಯುತ್ತಾನೆ ಎಂಬುದೊಂದೇ ಅವನ ಶೋಧ. ಉಳಿದ ಗಂಟು, ಬಾವುಟ, ಬ್ಯಾಜುಗಳೆಲ್ಲ ಅದರ ಮೇಲಿನ ಹೊದಿಕೆ.

ನಮ್ಮ ದೇಶದಲ್ಲಿ ಇದು ಮೊದಲು ಬಂದದ್ದು ಬೆಂಗಳೂರಿಗೆ, 1909ರಲ್ಲಿ, ಕ್ಯಾಪ್ಟನ್ ಬೇಕರ್ ಎಂಬವರ ಮೂಲಕ. ಆಗ ಭಾರತೀಯ ಮಕ್ಕಳಿಗೆ ಅದರ ಬಾಗಿಲು ಮುಚ್ಚಿತ್ತು. ಆನಿ ಬೆಸೆಂಟ್, ಅರುಂಡೇಲ್, ಮದನಮೋಹನ ಮಾಲವೀಯ, ಹೃದಯನಾಥ ಕುಂಜ್ರು ಮುಂತಾದವರು ಬೇರೆಯಾಗಿ ಸಂಘ ಕಟ್ಟಿಯೇ ಆ ಬಾಗಿಲನ್ನು ತೆರೆಸಬೇಕಾಯಿತು. ಸ್ಕೌಟ್ ಕವಲುಗಳು ಕೂಡಿ 1950ರ ನವೆಂಬರ್ 7ರಂದು ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್ ಸಂಸ್ಥೆಯಾಯಿತು. ಇಷ್ಟು ಚರಿತ್ರೆ ಸಾಕು.

ನಾನು ತರಬೇತಿ ಮುಗಿಸಿ ಬಂದ ಹೊಸತು. ಮೂರು ಕೋಲುಗಳನ್ನು ಹೆಣೆದು ಕೈತೊಳೆಯುವ ಸ್ಟ್ಯಾಂಡ್ ಮಾಡುವುದು, ಕ್ಲೋವ್ ಹಿಚ್ ಗಂಟು ಹಾಕಿ ಅಡ್ಡಗಳ ಬಿಗಿಯುವುದು, ಒಂದು ಮೊಳೆಯನ್ನೂ ಬಳಸದೆ ಹೆಬ್ಬಾಗಿಲು ನಿಲ್ಲಿಸುವುದು, ಈ ವಿದ್ಯೆಗಳೆಲ್ಲ ಕೈಯಲ್ಲಿ ತುರಿಸುತ್ತಿದ್ದವು. ಆ ವರ್ಷದ ಶಿಬಿರದಲ್ಲಿ ಹೆಬ್ಬಾಗಿಲಿನ ಸ್ಪರ್ಧೆಯಿತ್ತು. ಬಹುಮಾನ ನಮ್ಮ ದಳಕ್ಕೇ ಬರಬೇಕೆಂಬ ಹಟ ನನ್ನದು. ಹುಡುಗರದೆಂದು ಈಗ ಸುಳ್ಳು ಹೇಳಲಾರೆ. ಶಿಬಿರದ ಪಕ್ಕದ ಗಾಯರಾಣ ಗುಡ್ಡದಲ್ಲಿ ತೋಳಿನ ಗಾತ್ರದ ನೆಟ್ಟನೆಯ ಗಿಡಗಳು ಸಾಲುಗಟ್ಟಿದ್ದವು. ಅರವತ್ತು ಗಳಗಳನ್ನು ಕಡಿದು ತರಲು ನಾಲ್ಕೂ ಪೆಟ್ರೋಲ್‌ಗಳಿಗೆ ಹೇಳಿದೆನು.

ಒಂದು ಪೆಟ್ರೋಲಿನ ನಾಯಕ ಎಮ್ಮೆ ಸಾಕುವ ಮನೆಯ ಹುಡುಗ, ಎಂಟನೆಯ ತರಗತಿಯವನು. ಮಾತು ಕಡಿಮೆ. ಕೊಡಲಿಯನ್ನು ಕೆಳಗಿಟ್ಟು ನನ್ನ ಬಳಿಗೆ ಬಂದು, ಬೇರೆಯವರಿಗೆ ಕೇಳದಂತೆ ಹೇಳಿದನು: “ಸರ್, ಇವು ಮತ್ತಿ ಚಿಗುರ್ರೀ. ಬ್ಯಾಸಗಿ ಬೆಂಕಿಯೊಳಗ ಹೆಂಗೋ ಉಳಕೊಂಡಾವ್ರೀ. ಕಡಿಯೂದು ಬ್ಯಾಡ್ರೀ.”

ಅವನು ಹೇಳಿದ್ದು ಅಕ್ಷರಶಃ ನಿಜ. ಹಿಂದೆಂದೋ ಕಡಿದ ಬೊಡ್ಡೆಗಳಿಂದ ಆ ಗಿಡಗಳು ಮತ್ತೆ ಚಿಗುರಿ ಬಂದಿದ್ದವು. ಹುಲ್ಲಿಗೆ ಬೀಳುವ ಬೆಂಕಿಯನ್ನೂ ಮೇಯುವ ದನಗಳ ಬಾಯನ್ನೂ ತಪ್ಪಿಸಿಕೊಂಡು ಅಷ್ಟೆತ್ತರ ಬೆಳೆಯಲು ಅವು ಎಷ್ಟು ಬೇಸಿಗೆ ಕಳೆದಿದ್ದವೋ, ದಿನವೂ ಆ ಗುಡ್ಡ ಹತ್ತುತ್ತಿದ್ದ ಹುಡುಗನಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ತಿಳಿಯದಿರುವುದು ಅಪರಾಧವಲ್ಲ. ತಿಳಿದವನು ಬಂದು ಹೇಳಿದಾಗ “ಹೇಳಿದಷ್ಟು ಮಾಡು” ಎಂದು ಸೀಟಿ ಊದಿದೆನಲ್ಲ, ಅದು ಅಪರಾಧ. ಅವನು ಕಡಿದನು. ಹೆಬ್ಬಾಗಿಲು ನಿಂತಿತು, ಬಹುಮಾನವೂ ಬಂದಿತು. ಮೂರನೆಯ ದಿನ ಶಿಬಿರ ಮುಗಿದಾಗ ಆ ಅರವತ್ತು ಗಳಗಳು ಅಡುಗೆಯ ಒಲೆಗೂ ಆಗದೆ, ಹಸಿಯಾಗಿಯೇ, ಬಯಲಿನಲ್ಲಿ ಬಿದ್ದಿದ್ದವು.

ಮುಂದಿನ ವಾರ ಹುಡುಗ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಶಾಲೆಗೆ ಮಾತ್ರ ತಪ್ಪದೆ ಬರುತ್ತಿದ್ದನು. ನನ್ನನ್ನು ಕಂಡರೆ ನಮಸ್ಕಾರ ಮಾಡಿ ದಾಟಿಹೋಗುತ್ತಿದ್ದನು. ತಿಂಗಳೆರಡು ಕಳೆದ ಮೇಲೆ ಅವನ ಮನೆಗೆ ಹೋದೆನು. ಅವನ ಅಜ್ಜಿ ಕಟ್ಟೆಯ ಮೇಲೆ ಕಂಬಳಿ ಹಾಸಿ, ಚಹಾ ಕೊಟ್ಟು, “ಅಂವಾ ಬರಾಂಗಿಲ್ಲಂತಾನ್ರಿ ಮಾಸ್ತರ. ಯಾಕಂತ ನೀವ ಕೇಳ್ರಿ” ಎಂದರು. ಹುಡುಗ ಗೋದಲಿಯ ಬಳಿ ನಿಂತಿದ್ದನು. ಬಹಳ ಹೊತ್ತಿನ ಮೇಲೆ ಬಾಯಿಬಿಟ್ಟನು: “ಐದನೇ ನಿಯಮ ನೀವ ಹೇಳಿಕೊಟ್ಟಿದ್ರಿ ಸರ್. ನಾ ಪ್ರತಿಜ್ಞಾ ತಗೊಂಡಿದ್ನಿರಿ.”

ವಿದ್ಯಾರ್ಥಿಗಳಿಗೆ ತಿಳಿದಿರಬಹುದು, ನಮ್ಮ ಒಂಬತ್ತು ನಿಯಮಗಳಲ್ಲಿ ಐದನೆಯದು ಪ್ರಾಣಿಗಳೊಡನೆ ಗೆಳೆತನ, ನಿಸರ್ಗದಲ್ಲಿ ಪ್ರೀತಿ. ಧ್ವಜದ ಮುಂದೆ ಮೂರು ಬೆರಳೆತ್ತಿ, ಈ ನಿಯಮಗಳನ್ನು ಪಾಲಿಸುತ್ತೇನೆಂದು ನಮ್ಮ ಗೌರವದ ಮೇಲೆ ಆಣೆ ಮಾಡುತ್ತೇವೆ. ನಾನು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿಸಿದ್ದೆನು. ಅವನು ಮಾತ್ರ ಅದನ್ನು ಮಾತು ಕೊಟ್ಟಂತೆ ತಿಳಿದಿದ್ದನು. ಆ ಮಾತನ್ನು ನನ್ನ ಕೈಯಾರೆ ನಾನೇ ಮುರಿಸಿದ್ದೆನು. ಕ್ಷಮಿಸಪ್ಪಾ ಎಂದು ಕೇಳಿದೆನು. ಅವನು ತಲೆಯಾಡಿಸಿದನು, ಆದರೆ ದಳಕ್ಕೆ ಮರಳಿ ಬರಲಿಲ್ಲ. ಕೆಲವು ವರ್ಷಗಳ ಮೇಲೆ ಅವನ ತಂಗಿ ಗೈಡ್ಸ್ ಸೇರಿದಳು. ಅದನ್ನೇ ನನಗೆ ಸಿಕ್ಕ ಕ್ಷಮೆಯೆಂದು ತಿಳಿದುಕೊಳ್ಳಲು ಆಸೆಯಾಗುತ್ತದೆ, ಧೈರ್ಯ ಸಾಲುವುದಿಲ್ಲ.

ಅಲ್ಲಿಂದ ನನ್ನ ರೀತಿ ಬದಲಾಯಿತು, ಒಂದೇ ದಿನದಲ್ಲಲ್ಲ. ನಮ್ಮ ಪದ್ಧತಿಯಲ್ಲಿ ಗೌರವ ಸಭೆ ಎಂಬುದೊಂದಿದೆ. ಪೆಟ್ರೋಲ್ ನಾಯಕರು ಕುಳಿತು ದಳದ ಕೆಲಸವನ್ನು ತೀರ್ಮಾನಿಸುವ ಸಭೆ. ಮಾಸ್ತರ ಅಲ್ಲಿ ಸಲಹೆಗಾರ ಮಾತ್ರ. ಮೊದಲು ನಾನು ಅದನ್ನು ಕಾಗದದ ಮೇಲೆ ನಡೆಸುತ್ತಿದ್ದೆನು. ಈಗ ನಿಜವಾಗಿ ಕೂರಿಸಿದೆನು. ಮುಂದಿನ ಶಿಬಿರಕ್ಕೆ ಹಸಿ ಗಿಡ ಮುಟ್ಟಬಾರದೆಂದು ಅವರೇ ಗೊತ್ತುಮಾಡಿದರು. ಹಾಗಾದರೆ ಹೆಬ್ಬಾಗಿಲು ಯಾವುದರಿಂದ? ಲಂಟಾನದಿಂದ ಎಂದನು ಒಬ್ಬ. ನನಗೆ ನಗು ಬಂತು. ಡೊಂಕುಡೊಂಕಾದ ಮುಳ್ಳುಗಡ್ಡಿ ಅದು. ಆದರೆ ಕಾಡನ್ನು ನುಂಗುತ್ತಿರುವ ಆ ಗಿಡವನ್ನು ಎಷ್ಟು ಕಡಿದರೂ ಗುಡ್ಡಕ್ಕೆ ಲಾಭವೇ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಿಂದ ಕುರ್ಚಿ, ಮಂಚಗಳನ್ನೇ ಹೆಣೆಯುತ್ತಾರೆಂದು ನಾನು ಆಮೇಲೆ ತಿಳಿದೆನು. ನಮ್ಮ ಹೆಬ್ಬಾಗಿಲು ಮುದುಕನಂತೆ ಬಾಗಿ ನಿಂತಿತು. ಬಹುಮಾನ ಬರಲಿಲ್ಲ.

ಅದೇ ಶಿಬಿರದಲ್ಲಿ ಜಿನುಗು ಮಳೆ. ಎರಡೇ ಕಡ್ಡಿಯಲ್ಲಿ ಬಯಲಿನಲ್ಲಿ ಒಲೆ ಹೊತ್ತಿಸಬೇಕೆಂಬುದು ನಮ್ಮ ಹಳೆಯ ಪರೀಕ್ಷೆ. ಹುಡುಗರ ಬಳಿ ಬೆಂಕಿಪೆಟ್ಟಿಗೆಯೇ ಖಾಲಿಯಾಯಿತು. ಬೇವಿನ ಮರದ ಕೆಳಗೆ ನಾನು ಕೈಕಟ್ಟಿ ಕುಳಿತಿದ್ದೆನು. ಸ್ನೇಹಿತರೇ, ಕಟ್ಟಿಗೆ ಒಡೆಯುವುದಕ್ಕಿಂತ ಕೈಕಟ್ಟಿ ಕೂಡುವುದು ಕಷ್ಟ. ಹತ್ತು ಸಲ ಮೇಲೆದ್ದು ಹತ್ತು ಸಲ ಕುಳಿತೆನು. ಕೊನೆಗೆ ಒಬ್ಬನು ಒಣಗಿ ನಿಂತಿದ್ದ ಕೊಂಬೆಯನ್ನು ಸೀಳಿ, ಒಳಗಿನ ಒಣ ತಿರುಳಿನಿಂದ ಬೆಂಕಿ ಮಾಡಿದನು. ರಾತ್ರಿ ಒಂಬತ್ತಕ್ಕೆ ಅರೆಬೆಂದ ಅನ್ನ, ನೀರು ಸಾರು ಉಂಡೆವು. ನೆಲಕ್ಕೆ ಬಿದ್ದದ್ದಕ್ಕಿಂತ ಮರದಲ್ಲೇ ಒಣಗಿದ ಕಟ್ಟಿಗೆ ಮಳೆಯಲ್ಲಿ ಬೇಗ ಹೊತ್ತುತ್ತದೆಂದು ನಾನು ಹೇಳಿಕೊಟ್ಟಿದ್ದರೆ ಅವರು ಮರೆಯುತ್ತಿದ್ದರು.

ಶಿರಸಿಯ ಕಡೆಯ ಬಂಧುಗಳಿಗೆ ಇದು ಹೊಸದಲ್ಲ. 1983ರ ಸೆಪ್ಟೆಂಬರಿನಲ್ಲಿ ಸಾಲ್ಕಣಿಯ ಜನ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡಾಗ, ಅದರ ಮುಂಚೂಣಿಯಲ್ಲಿದ್ದದ್ದು ಊರಿನ ಯುವಕ ಮಂಡಲಿ. ಪಾಂಡುರಂಗ ಹೆಗಡೆಯವರಂಥವರು ಜೊತೆಗಿದ್ದರು, ಆದರೆ ಸೀಟಿ ಊದಿ ಯಾರೂ ಕಳಿಸಲಿಲ್ಲ. ಉಳಿಸು, ಬೆಳೆಸು, ಬಳಸು ಎಂಬುದು ಅಪ್ಪಿಕೋದ ಅನುಕ್ರಮ. ಬಳಸುವುದು ಅಲ್ಲಿ ಕೊನೆಗೆ ಬರುತ್ತದೆ. ನಾನು ನನ್ನ ಹುಡುಗರಿಗೆ ಕೊಡಲಿ ಹಿಡಿಯುವುದನ್ನು ಮೊದಲು ಕಲಿಸಿ, ಗಿಡದ ಹೆಸರನ್ನು ಕೊನೆಗೆ ಕಲಿಸಿದ್ದೆನು. ಈಗ ತಲೆಕೆಳಗು ಮಾಡಿದ್ದೇನೆ. ಇಪ್ಪತ್ತು ಮರಗಳನ್ನು ತೊಗಟೆ ನೋಡಿ ಗುರುತಿಸುವ ತನಕ ಕೊಡಲಿ ಸಿಗುವುದಿಲ್ಲ. ಈ ಪರೀಕ್ಷೆಯಲ್ಲಿ ಮೊದಲ ವರ್ಷ ನಾನೇ ನಪಾಸಾದೆನು. ದನ ಕಾಯುವ ಮಕ್ಕಳು ಪಾಸಾದರು.

ಕೊನೆಯದಾಗಿ, ಇಂದು ಬೆಳಗ್ಗೆ ಊರಿನ ಹಿರಿಯರು ನನ್ನನ್ನು ಕೇಳಿದ್ದಕ್ಕೆ ಉತ್ತರ. ಬರುವ ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬೀಳದಂತೆ ಕಾಯಲು ಸ್ಕೌಟ್ ಹುಡುಗರನ್ನು ಕಳಿಸಿಕೊಡಿ ಎಂದಿರಿ. ಉರಿಯುವ ಬೆಂಕಿಯ ಎದುರಿಗೆ ಮಕ್ಕಳನ್ನು ನಾನು ಯಾವ ಕಾರಣಕ್ಕೂ ಕಳಿಸೆನು; ಅದು ದೊಡ್ಡವರ ಕೆಲಸ, ಅರಣ್ಯ ಇಲಾಖೆಯ ಕೆಲಸ. ಬೇಸಿಗೆಗೆ ಮುಂಚೆ ಬೆಂಕಿರೇಖೆ ಸವರುವುದು, ಹಗಲಲ್ಲಿ ಹೊಗೆ ಕಂಡರೆ ಊರಿಗೆ ತಿಳಿಸುವುದು, ಬೀಡಿ ಎಸೆಯುವ ಮಾವ, ಕಾಕಾಗಳಿಗೆ ಬುದ್ಧಿ ಹೇಳುವುದು, ಇಂಥದನ್ನು ಅವರು ಮಾಡಬಲ್ಲರು. ಮಾಡುತ್ತಾರೋ ಇಲ್ಲವೋ ನಾನು ಹೇಳಲಾರೆ. ನಾಲ್ವರು ಪೆಟ್ರೋಲ್ ನಾಯಕರೂ ಹಿಂದಿನ ಸಾಲಿನಲ್ಲಿ ಕುಳಿತಿದ್ದಾರೆ. ಸಭೆ ಮುಗಿದ ಮೇಲೆ ದಯವಿಟ್ಟು ಅವರನ್ನು ಕೇಳಿರಿ. ಅವರು ಬೇಡವೆಂದರೆ ಏಕೆಂದು ವಿಚಾರಿಸಿರಿ.