ಪಾರ್ಲಿಮೆಂಟ್ ಎಂಬ ಮಾತು

ಪಾರ್ಲಿಮೆಂಟೆಂದರೆ ಬರಿಯ ಮಾತಿನ ಮನೆಯೆಂದು ಹಳಿಯುವವರುಂಟು. ಶಬ್ದಾರ್ಥವನ್ನು ನೋಡಿದರೆ ಅವರ ಮಾತು ಸುಳ್ಳಲ್ಲ. ಫ್ರೆಂಚಿನಲ್ಲಿ ‘ಪಾರ್ಲೆ’ ಎಂದರೆ ಮಾತನಾಡುವುದು. ಅದರಿಂದ ಹುಟ್ಟಿದ ಈ ಪದಕ್ಕೆ ಮೊದಲು ಸಂಭಾಷಣೆಯೆಂದಷ್ಟೇ ಅರ್ಥ. ಫ್ರಾನ್ಸಿನಲ್ಲಿ ಅದು ನ್ಯಾಯಸ್ಥಾನಗಳ ಹೆಸರಾಯಿತು. 1790ರಲ್ಲಿ ಅವು ರದ್ದಾದುವು. ಇಂಗ್ಲೆಂಡಿನಲ್ಲಾದರೋ 13ನೆಯ ಶತಮಾನದಲ್ಲಿ ದೊರೆಯು ಪ್ರಭುಗಳೊಡನೆ ನಡೆಸುವ ಸಮಾಲೋಚನೆಗೆ ಈ ಹೆಸರು ಬಂದಿತು. 1265ರಲ್ಲಿ ಸೈಮನ್ ದ ಮಾಂಟ್‌ಫರ್ಟನು ಪಟ್ಟಣಗಳ ಪ್ರತಿನಿಧಿಗಳನ್ನೂ ಕರೆಸಿದನು. ದೊರೆಗೆ ಬೇಕಾದುದು ತೆರಿಗೆ, ಪ್ರಜೆಗಳಿಗೆ ತಮ್ಮ ಅಹವಾಲಿಗೆ ಉತ್ತರ. ಮಾತಿಗೆ ಬೆಲೆ ಬಂದುದು ಈ ಕೊಡುಕೊಳೆಯಿಂದ.

ಸಭೆಯ ಪರವಾಗಿ ದೊರೆಯೊಡನೆ ಮಾತನಾಡುವವನೇ ‘ಸ್ಪೀಕರ್’. ಸಭೆಯೊಳಗಿನ ಚರ್ಚೆಯಲ್ಲಿ ಮಾತ್ರ ಸ್ಪೀಕರು ಮಾತನಾಡುವಂತಿಲ್ಲ, ಇದೊಂದು ವಿನೋದ! 1642ರಲ್ಲಿ ಒಂದನೆಯ ಚಾರಲ್ಸ್ ದೊರೆ ಐವರು ಸದಸ್ಯರನ್ನು ಹಿಡಿಯಲು ಸಿಪಾಯಿಗಳೊಡನೆ ಬಂದು, ಅವರೆಲ್ಲಿ ಎಂದು ಕೇಳಿದನು. ಸ್ಪೀಕರ್ ಲೆಂಥಾಲನು ಮೊಣಕಾಲೂರಿ, ಸಭೆಯ ಅಪ್ಪಣೆಯಿಲ್ಲದೆ ತನಗೆ ನಾಲಗೆಯಿಲ್ಲವೆಂದು ಬಿನ್ನವಿಸಿದನು. ದೊರೆ ಬರಿಗೈಯಲ್ಲಿ ಹಿಂದಿರುಗಿದನು.