ಇದು ಪಂಪ್‌ಸೆಟ್ ಅಲ್ಲ ಅಂದಿದ್ದೆ

ಈ ಟೇಬಲ್ ಮೇಲೆ ಇಟ್ಟಿರೋದು ಒಂದು ಪಿಸ್ಟನ್. ಅಡ್ಡಳತೆ 75 ಮಿಲಿಮೀಟರ್ ಚಿಲ್ಲರೆ, ಕಾಫಿ ಲೋಟಕ್ಕಿಂತ ಸ್ವಲ್ಪ ದಪ್ಪ. ಹಿಂದೆ ಕೂತವರಿಗೆ ಕಾಣಲ್ಲ ಅಂತ ಸ್ಕ್ರೀನ್ ಮೇಲೆ ಫೋಟೋನೂ ಹಾಕಿದ್ದೀನಿ. ಒಂದು ಪಕ್ಕದಲ್ಲಿ ಬೆಕ್ಕು ಪರಚಿದ ಹಾಗೆ ಉದ್ದುದ್ದ ಗೀರು ಇದೆಯಲ್ಲ, ಅದು ಹೊಗೆ ಹೋಗೋ ಕಡೆಯ ಪಕ್ಕ. ಈ ಗೀರುಗಳು ಬಿದ್ದಿದ್ದು ಒಂದೆರಡು ಸೆಕೆಂಡಿನಲ್ಲಿ, ಒಂದು ದೊಡ್ಡ ಸರೋವರದ ನಡುವೆ. ಆಗ ನಾನು ಆ ಇಂಜಿನ್ ಹಿಂದೆ ನಿಂತಿದ್ದೆ.

ಆಯೋಜಕರು "ಆನ್‌ಸೈಟ್ ಅನುಭವದ ಬಗ್ಗೆ ಮಾತಾಡಿ" ಅಂದ್ರು. ಪುಣೆಯಲ್ಲಿ ಇಲ್ಲಿ ಕೂತಿರೋ ಅರ್ಧ ಜನ ಆನ್‌ಸೈಟ್ ಹೋಗಿ ಬಂದವರೇ. ವೀಸಾ ಕತೆ, ಲೇಆಫ್ ಕತೆ ನಿಮಗೆ ಗೊತ್ತಿರೋದೇ. ಹಾಗಾಗಿ ನಾನು ಈ ಪಿಸ್ಟನ್ ಕತೆ ಹೇಳ್ತೀನಿ.

2016ರಲ್ಲಿ ನಾವು ಅಮೆರಿಕದ ಮಿನೆಸೋಟಾದಲ್ಲಿದ್ವಿ. ನಾನು, ಹೆಂಡತಿ, 4 ವರ್ಷದ ಮಗಳು. ಬಾಡಿಗೆ ಮನೆ, ಆದ್ರೆ ಎರಡು ಕಾರು ನಿಲ್ಲೋ ಗ್ಯಾರೇಜು. ನಮ್ಮ ಹತ್ರ ಇದ್ದಿದ್ದು ಒಂದೇ ಕಾರು. ಖಾಲಿ ಜಾಗ ಗಂಡಸರಿಗೆ ಒಳ್ಳೇದಲ್ಲ ಅಂತ ನನ್ನ ಹೆಂಡತಿ ಈಗಲೂ ಹೇಳ್ತಾಳೆ. ಅಕ್ಟೋಬರಿನಲ್ಲಿ ಪಕ್ಕದ ಊರಿನ ಒಬ್ಬ ಅಜ್ಜ ಶೆಡ್ ಖಾಲಿ ಮಾಡ್ತಿದ್ದ. ಒಂದು ಹಳೇ ಜೆಟ್ ಸ್ಕೀ, ಕವಾಸಾಕಿ ಜೆಎಸ್550, 1988ರ ಮಾಡೆಲ್. ತುಕ್ಕು ಹಿಡಿದ ಟ್ರೇಲರ್ ಸೇರಿ 300 ಡಾಲರ್. "ಕೊನೇ ಸಲ ನಿಲ್ಲಿಸಿದಾಗ ಓಡ್ತಿತ್ತು" ಅಂದ. ಹಳೇ ಗಾಡಿ ಮಾರೋರು ಎಲ್ಲಾ ದೇಶದಲ್ಲೂ ಇದನ್ನೇ ಹೇಳ್ತಾರೆ.

ನೀವು ಗೋವಾದಲ್ಲಿ, ಮಾಲ್ವಣದಲ್ಲಿ ನೋಡಿರೋದು ಕೂತು ಓಡಿಸೋ ದೊಡ್ಡ ಗಾಡಿ. ಇದು ಬೇರೆ, ಇದರಲ್ಲಿ ಸೀಟೇ ಇಲ್ಲ. ಮುಂದೆ ಇಂಜಿನ್, ಹಿಂದೆ ತೊಟ್ಟಿಯಂಥ ಜಾಗ, ಮೇಲಕ್ಕೂ ಕೆಳಕ್ಕೂ ಆಡೋ ಒಂದು ಉದ್ದ ತೋಳಿನ ತುದಿಗೆ ಹ್ಯಾಂಡಲ್. ನಿಂತ ನೀರಿನಲ್ಲಿ ಅದರ ಮೇಲೆ ನಿಲ್ಲೋಕೆ ಹೋದ್ರೆ ಹೊರಳುತ್ತೆ. ಮೊದಲು ಮಂಡಿಯೂರಿ, ವೇಗ ಬಂದ ಮೇಲೆ ಏಳಬೇಕು, ಸೈಕಲ್ ಇದ್ದ ಹಾಗೆ. ಇನ್ನೊಂದು ಮಾತು: ಬ್ರೇಕ್ ಇಲ್ಲ, ಥ್ರಾಟಲ್ ಬಿಟ್ಟರೆ ಸ್ಟಿಯರಿಂಗೂ ಇಲ್ಲ. ತಿರುಗಿಸೋದು ಹಿಂದಿಂದ ಚಿಮ್ಮೋ ನೀರು ತಾನೆ? ನೀರು ನಿಂತ್ರೆ ಹ್ಯಾಂಡಲ್ ಬರೀ ಅಲಂಕಾರ. ಈ ಆಲೋಚನೆ ಕ್ಲೇಟನ್ ಜೇಕಬ್‌ಸನ್ ಅನ್ನೋ ಅಮೆರಿಕದ ಮೋಟೋಕ್ರಾಸ್ ಸವಾರನದು. 1973ರಲ್ಲಿ ಕವಾಸಾಕಿ ಅದನ್ನ ಮಾರುಕಟ್ಟೆಗೆ ತಂತು. ನಾವು ಎಲ್ಲದಕ್ಕೂ ಜೆಟ್ ಸ್ಕೀ ಅಂತೀವಿ, ನಿಜವಾಗಿ ಅದು ಕವಾಸಾಕಿಯವರ ಬ್ರ್ಯಾಂಡ್ ಹೆಸರು, ನಮಗೆ ಜೆರಾಕ್ಸ್ ಇದ್ದ ಹಾಗೆ.

ನಾನು ರಾಣೆಬೆನ್ನೂರಿನವನು. ಅಪ್ಪಂದು ಪಂಪ್‌ಸೆಟ್ ರಿಪೇರಿ ಅಂಗಡಿ. ಮೋಟಾರ್ ವೈಂಡಿಂಗ್, ತುಂಗಭದ್ರಾ ದಂಡೆಯ ಹೊಲಗಳ ಪಂಪು, ಔಷಧಿ ಹೊಡೆಯೋ ಪವರ್ ಸ್ಪ್ರೇಯರ್, ಏನು ಬಂದರೂ ಬಿಚ್ಚೋರು. ನಾನು ಎಸ್ಸೆಸ್ಸೆಲ್ಸಿವರೆಗೆ ಅಲ್ಲಿ ಪಾನಾ ಕೊಟ್ಟಿದ್ದೇ ಬಂತು. ಆಮೇಲೆ ಇಂಜಿನಿಯರಿಂಗ್, ಕಂಪ್ಯೂಟರ್ ಸೈನ್ಸು, ಅಂಗಡಿ ಕಡೆ ತಲೆ ಹಾಕಲಿಲ್ಲ. ಅಪ್ಪನೂ ಕರೆಯಲಿಲ್ಲ. ಫೋನ್ ಮಾಡಿದರೆ "ಊಟ ಆತಾ, ಚಳಿ ಐತಾ", ಅಷ್ಟೇ. ಒಂದೂವರೆ ನಿಮಿಷಕ್ಕೆ ಅವ್ವನ ಕೈಗೆ ಫೋನು.

ಆ ವರ್ಷ ಊರಲ್ಲಿ ಎಲ್ಲರ ಕೈಗೂ ಜಿಯೋ ಬಂತು, ವಾಟ್ಸಾಪಿಗೆ ವಿಡಿಯೋ ಕಾಲ್ ಬಂತು. ಡಿಸೆಂಬರಿನ ಒಂದು ರಾತ್ರಿ 9ಕ್ಕೆ, ಊರಲ್ಲಿ ಬೆಳಗ್ಗೆ ಎಂಟೂವರೆ, ಗ್ಯಾರೇಜಿನಿಂದ ಫೋನ್ ಮಾಡಿದ್ದೆ. ಹಿಂದೆ ಜೆಟ್ ಸ್ಕೀ ಮಗುಚಿ ಹಾಕಿತ್ತು. ಅಪ್ಪ ನನ್ನ ಮುಖ ಬಿಟ್ಟು ಹಿಂದೆ ನೋಡಿದ್ರು.

"ತಮ್ಮಾ, ಅದೇನು ಪಂಪಾ?"

ಹೌದು, ಪಂಪೇ. ಜೆಟ್ ಸ್ಕೀ ಅಂದ್ರೆ ಇಂಜಿನ್ ಕೂರಿಸಿದ ಒಂದು ಪಂಪು, ಅದರ ಮೇಲೆ ಮನುಷ್ಯ. ಹೊಟ್ಟೆಯ ಕೆಳಗಿನ ಜಾಲರಿಯಿಂದ ನೀರು ಎಳೆಯುತ್ತೆ, ಇಂಪೆಲ್ಲರ್ ತಳ್ಳುತ್ತೆ, ಹಿಂದಿನ ಸಣ್ಣ ಬಾಯಿಂದ ರಭಸವಾಗಿ ಹೊರಗೆ. ಅಪ್ಪ ಒಂದು ಗಂಟೆ ಮಾತಾಡಿದ್ರು. ನನ್ನ ಜನ್ಮದಲ್ಲಿ ಅಪ್ಪ ನನ್ನ ಜತೆ ಒಂದು ಗಂಟೆ ಮಾತಾಡಿದ್ದು ಅದೇ ಮೊದಲು.

"ಇಂಪೆಲ್ಲರ್ ಅಂಚಿಗೂ ಗ್ವಾಡಿಗೂ ನಡುವ ಸಂದಿ ಎಷ್ಟೈತಿ?" ಅಂದ್ರು. ಫೀಲರ್ ಗೇಜ್ ಇರಲಿಲ್ಲ. "ಉಗುರು ಹೊಕ್ಕರ ಪಂಪ್ ಹೋತು ಅಂತ ತಿಳ್ಕೊ." ಆರಾಮಾಗಿ ಹೊಕ್ಕಿತು. ಹೊಸದರಲ್ಲಿ ಆ ಸಂದಿ ಮಿಲಿಮೀಟರಿನ ಕಾಲುಭಾಗದ ಆಸುಪಾಸು ಇರಬೇಕು. ಗೇಜ್ ತಂದು ಅಳೆದಾಗ ನನ್ನದರಲ್ಲಿ ಹತ್ತತ್ರ 1 ಮಿಲಿಮೀಟರ್ ಬಂತು, ಮರಳು ನುಂಗಿ ಅಂಚು ಸವೆದಿತ್ತು. ಹಾಗಾದ್ರೆ ನೀರು ಮುಂದೆ ಹೋಗೋ ಬದಲು ಸಂದಿಯಿಂದ ವಾಪಸ್ ನುಸುಳುತ್ತೆ. ಇಂಜಿನ್ ಕೂಗುತ್ತೆ, ಗಾಡಿ ಹೋಗಲ್ಲ. ಇಡೀ ಪಂಪನ್ನ ಸೆಕೆಂಡ್‌ಹ್ಯಾಂಡ್ ಹುಡುಕಿ ತಂದೆ. ಕೂರಿಸುವಾಗ ಪಂಪಿಗೂ ಹಲ್‌ಗೂ ನಡುವೆ ಸುತ್ತಲೂ ಸೀಲಂಟ್ ಹಾಕಿಸಿದ್ದು ಅಪ್ಪನೇ, ಫೋನಿನಲ್ಲಿ ನೋಡ್ಕೊಂಡು. "ಸಕ್ಷನ್ ಕಡೆ ಸೂಜಿ ಮೊನೆಯಷ್ಟು ತೂತಿದ್ರೂ ಪಂಪ್ ಗಾಳಿ ಹಿಡಿತೈತಿ" ಅಂತ.

ಹೊರಗೆ ಮೈನಸ್ 20. ಗ್ಯಾರೇಜಿನಲ್ಲಿ ಒಂದು ಕರೆಂಟ್ ಹೀಟರ್, ತಲೆಗೆ ಮಂಕಿ ಕ್ಯಾಪ್. ವಾರಕ್ಕೆ ಎರಡು ರಾತ್ರಿ ಈ ವಿಡಿಯೋ ಕಾಲ್.

ಇಂಜಿನ್ ಎರಡು ಸಿಲಿಂಡರಿನ ಟೂ ಸ್ಟ್ರೋಕ್, 531 ಸಿಸಿ. ಕಂಪ್ರೆಷನ್ ಅಳೆದರೆ ಒಂದರಲ್ಲಿ 140 ಪಿಎಸ್‌ಐ, ಇನ್ನೊಂದರಲ್ಲಿ 90. ಹಾಗಾಗಿ ಲೇತ್ ಅಂಗಡಿಗೆ ಕೊಟ್ಟು ಎರಡೂ ಬೋರ್ ಮಾಡಿಸಿ, ಅರ್ಧ ಮಿಲಿಮೀಟರ್ ದಪ್ಪದ ಹೊಸ ಪಿಸ್ಟನ್ ಹಾಕಿದೆ. ಕಾರ್ಬ್ಯುರೇಟರ್ ಬಿಚ್ಚಿ ಡಯಾಫ್ರಾಮ್, ನೀಡಲ್ ಎಲ್ಲಾ ಹೊಸದು. ಪೆಟ್ರೋಲ್ ಪೈಪುಗಳು ಒಣ ಹುಣಸೆ ಬರಲಿನ ಹಾಗೆ ಮುರೀತಿದ್ವು, ತೆಗೆದು ಬಿಸಾಕಿದೆ. ಇಲ್ಲಿವರೆಗೆ ಎಲ್ಲಾ ಸರಿ.

ಆಮೇಲೆ ಮಾಡಿಫಿಕೇಷನ್ ಹುಚ್ಚು ಹತ್ತಿತು. ಚೋಕ್ ಕಿತ್ತು, ಕೈಯಲ್ಲಿ ಒತ್ತಿ ಪೆಟ್ರೋಲ್ ಚಿಮ್ಮಿಸೋ ಪ್ರೈಮರ್ ಹಾಕಿದೆ. ಇದು ಒಳ್ಳೇದು, ಈಗಲೂ ಯಾರಾದ್ರೂ ಕೇಳಿದ್ರೆ ಹಾಕಿ ಅಂತೀನಿ. ಹೆಚ್ಚು ಗಾಳಿ ಎಳೆಯೋ ಫಿಲ್ಟರ್ ಹಾಕಿದೆ. ಹೆಡ್ ತೆಳುವಾಗಿ ಸವೆಸಿದೆ, ಕಂಪ್ರೆಷನ್ 170ರ ಹತ್ರ ಹೋಯ್ತು. ಹೊಸ ಹ್ಯಾಂಡಲ್, ಕಾಲಡಿಗೆ ಹೊಸ ಮ್ಯಾಟ್, ಬಣ್ಣ. ಒಂದೇ ಒಂದು ಕೆಲಸ ಬಿಟ್ಟೆ. ಕ್ರ್ಯಾಂಕಿನ ಎರಡು ತುದಿಯ ಆಯಿಲ್ ಸೀಲ್. ಅವು 1988ರವು, 29 ವರ್ಷದ ರಬ್ಬರ್. ಬದಲಾಯಿಸೋಕೆ ಕ್ರ್ಯಾಂಕ್‌ಕೇಸನ್ನೇ ಎರಡು ಹೋಳು ಮಾಡಬೇಕು. ಒಂದು ವೀಕೆಂಡ್ ಕೆಲಸ, ಬೆಲೆ ತುಂಬಾ ಕಡಿಮೆ, ಆದ್ರೆ ಮುಗಿದ ಮೇಲೆ ಹೊರಗಡೆ ಏನೂ ಕಾಣಲ್ಲ. ಫೋಟೋ ತೆಗೆದು ಗ್ರೂಪಿಗೆ ಹಾಕೋಕಾಗಲ್ಲ. ನಮ್ಮ ಪ್ರಾಜೆಕ್ಟುಗಳಲ್ಲೂ ಇಂಥ ಟಿಕೆಟ್ ಇರ್ತವಲ್ಲ, ಪ್ರತಿ ಸ್ಪ್ರಿಂಟಿನಲ್ಲೂ ಮುಂದಕ್ಕೆ ಹೋಗೋದು.

ಮೇ ತಿಂಗಳು, ಐಸ್ ಕರಗಿತ್ತು. ಮನೆ ಮುಂದೆ ಗಾರ್ಡನ್ ಪೈಪ್ ಸಿಕ್ಕಿಸಿ ಮೊದಲ ಸಲ ಸ್ಟಾರ್ಟ್ ಮಾಡೋದು. ಅಪ್ಪ ಫೋನಿನಲ್ಲಿ. "ಮೊದಲು ನೀರು ಬಿಡು" ಅಂದ್ರು. ಪಂಪ್‌ಸೆಟ್ಟಿಗೆ ಅದೇ ಸರಿ, ನೀರು ತುಂಬಿಸಿ ಆಮೇಲೆ ಮೋಟಾರ್. ಇಲ್ಲಿ ಉಲ್ಟಾ. ಮೊದಲು ಇಂಜಿನ್, ಆಮೇಲೆ ನೀರು. ನಿಲ್ಲಿಸುವಾಗ ಮೊದಲು ನೀರು, ಆಮೇಲೆ ಇಂಜಿನ್. ಇಲ್ಲದಿದ್ರೆ ತಂಪು ಮಾಡೋ ನೀರು ಎಕ್ಸಾಸ್ಟಿನಿಂದ ಸಿಲಿಂಡರಿಗೇ ನುಗ್ಗುತ್ತೆ. ನಾನು ಅಪ್ಪನ್ನ ತಿದ್ದಿದೆ. ಅವರು "ಹೌದಾ? ಛಲೋ ಆತು" ಅಂದ್ರು. ಅಪ್ಪನ್ನ ತಿದ್ದಿದ ಆ ಖುಷಿ ಇದೆಯಲ್ಲ, ಅದು ತಲೆಗೇರಿತು.

ಇಂಜಿನ್ ಹತ್ತಿತು. ಬೀದಿಯೆಲ್ಲ ಹೊಗೆ. ಮಗಳು ಕುಣಿದಳು. ಆದ್ರೆ ಥ್ರಾಟಲ್ ಕೊಟ್ಟು ಬಿಟ್ಟರೆ ಸದ್ದು ಕೂಡಲೇ ಇಳೀತಿರಲಿಲ್ಲ. ಮೇಲೇ ತೇಲಿ, ನಿಧಾನಕ್ಕೆ ಇಳೀತಿತ್ತು. ಅಪ್ಪ "ಇನ್ನೊಮ್ಮೆ ಕೊಡು" ಅಂದ್ರು. ಕೊಟ್ಟೆ.

"ಕಳ್ಳಗಾಳಿ ಎಳಿಯಾಕತ್ತೈತಿ ತಮ್ಮಾ. ಸ್ಪ್ರೇಯರ್ ಇಂಜಿನ್ ಹಿಂಗ ಮಾಡತಾವು. ಬಿಚ್ಚು. ನೀರಿಗೆ ಇಳಿಸಬ್ಯಾಡ."

"ಕಾರ್ಬ್ಯುರೇಟರ್ ಟ್ಯೂನಿಂಗ್ ಅಷ್ಟೇ" ಅಂದೆ. ಇಲ್ಲ, ಬಿಚ್ಚು ಅಂದ್ರು. ಎರಡು ವಿಡಿಯೋ ನೋಡಿದ್ದೆ ನಾನು, ಎಲ್ಲಾ ಗೊತ್ತಿತ್ತು. "ಅಪ್ಪಾ, ಇದು ಪಂಪ್‌ಸೆಟ್ ಅಲ್ಲ, ಬಿಡು" ಅಂದೆ.

ಸ್ವಲ್ಪ ಹೊತ್ತು ಸ್ಕ್ರೀನಿನಲ್ಲಿ ಅಂಗಡಿಯ ಛಾವಣಿ ಕಾಣಿಸ್ತು. "ಆತು ಬಿಡು" ಅಂದು ಫೋನ್ ಇಟ್ರು.

ಅವರು ಹೇಳಿದ್ದು ಏನು ಅಂತ ಬಿಡಿಸಿ ಹೇಳ್ತೀನಿ, ನಿಮ್ಮಲ್ಲಿ ಆರ್‌ಎಕ್ಸ್ 100 ಇಟ್ಕೊಂಡಿರೋರಿಗೂ ಬೇಕಾಗುತ್ತೆ. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಕೆಳಗಿನ ಕ್ರ್ಯಾಂಕ್‌ಕೇಸೂ ಒಂದು ಪಂಪು. ಪಿಸ್ಟನ್ ಮೇಲೇರಿದಾಗ ಅದು ಪೆಟ್ರೋಲ್ ಗಾಳಿ ಮಿಶ್ರಣ ಎಳೆಯುತ್ತೆ, ಇಳಿದಾಗ ಮೇಲಕ್ಕೆ ತಳ್ಳುತ್ತೆ. ಸೀಲ್ ಸೋರಿದರೆ ಹೊರಗಿನ ಬರೀ ಗಾಳಿ ಒಳಗೆ ಬರುತ್ತೆ. ಮಿಶ್ರಣ ತೆಳುವಾಗುತ್ತೆ, ಉರಿ ಬಿಸಿಯಾಗುತ್ತೆ. ಈ ಇಂಜಿನ್‌ಗೆ ಆಯಿಲ್ ಬರೋದೂ ಪೆಟ್ರೋಲಿನ ಜತೆಗೇ, ಹಾಗಾಗಿ ಬಿಸಿ ಜಾಸ್ತಿ ಆದ ಹೊತ್ತಿಗೇ ಜಾರಿಕೆ ಕಡಿಮೆ. ಅದರ ಮೇಲೆ ನಾನು ಹೆಡ್ ಸವೆಸಿ ಇನ್ನಷ್ಟು ಬಿಸಿ ಮಾಡಿಟ್ಟಿದ್ದೆ.

ಮುಂದಿನ ಶನಿವಾರ ಮಿನೆಟೋಂಕಾ ಸರೋವರ. ದಡದಲ್ಲಿ ಹೆಂಡತಿ, ಮಗಳು, ಚಿತ್ರಾನ್ನದ ಡಬ್ಬಿ. ಲೈಫ್ ಜಾಕೆಟ್ ಅಲ್ಲಿ ಕಾನೂನು, ಹಾಕಿದ್ದೆ. ತಣ್ಣೀರಿಗೆ ಹಾಕೋ ವೆಟ್‌ಸೂಟ್ ದುಬಾರಿ ಅಂತ ತಗೊಂಡಿರಲಿಲ್ಲ, ಆ ದುಡ್ಡು ಹ್ಯಾಂಡಲ್‌ಗೆ ಹೋಗಿತ್ತು. ಇಪ್ಪತ್ತು ಸಲ ಬಿದ್ದೆ, ಇಪ್ಪತ್ತೊಂದನೇ ಸಲ ಎದ್ದು ನಿಂತೆ. ಆ ಕ್ಷಣ ಮಾತ್ರ, ಸುಳ್ಳು ಹೇಳಲ್ಲ, ಬಲು ಚೆನ್ನಾಗಿತ್ತು. ನಾನೇ ಕಟ್ಟಿದ ಗಾಡಿ ನನ್ನ ಕಾಲ ಕೆಳಗೆ ನೀರು ಸೀಳ್ತಿದೆ. ದಡ ಬಿಟ್ಟು ದೂರ ಹೋದೆ. ಪೂರ್ತಿ ಥ್ರಾಟಲ್ ಒತ್ತಿದೆ.

ದೊಡ್ಡ ಶಬ್ದ ಏನೂ ಬರಲಿಲ್ಲ. ಯಾರೋ ಕೀಲಿ ತಿರುಗಿಸಿದ ಹಾಗೆ ನಿಂತುಬಿಡ್ತು. ನಾನು ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರಿದೆ.

ನೀರು 13 ಡಿಗ್ರಿ ಇತ್ತು ಅಂತ ಆಮೇಲೆ ಗೊತ್ತಾಯ್ತು. ಮೊದಲ ಒಂದು ನಿಮಿಷ ಉಸಿರು ನಮ್ಮ ಮಾತು ಕೇಳಲ್ಲ, ತಾನಾಗೇ ಎಳೆದುಕೊಳ್ಳುತ್ತೆ. ಈಜಿ ಗಾಡಿ ಹಿಡ್ಕೊಂಡೆ. ಹತ್ತು ನಿಮಿಷಕ್ಕೆ ಬೆರಳು ಮಡಚೋಕೆ ಬರ್ತಿರಲಿಲ್ಲ. ದಡದಲ್ಲಿ ಮಗಳ ಕೆಂಪು ಜಾಕೆಟ್ ಒಂದು ಚುಕ್ಕೆ. ಅವಳು ಕೈ ಬೀಸ್ತಿದ್ದಳು, ಅಪ್ಪ ಆಟ ಆಡ್ತಿದ್ದಾನೆ ಅಂದ್ಕೊಂಡು. ಮೀನು ಹಿಡಿಯೋ ಇಬ್ಬರು ದೋಣಿ ತಿರುಗಿಸಿ ಬಂದು ಕಂಕುಳಿಗೆ ಕೈ ಹಾಕಿ ಎತ್ತಿದ್ರು. ಅಷ್ಟೊತ್ತಿಗೆ ಅರ್ಧ ಗಂಟೆ ಆಗಿತ್ತು ಅಂತ ಹೆಂಡತಿ ಹೇಳ್ತಾಳೆ. ಅವಳು ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದು ಮಗಳು ಮಲಗಿದ ಮೇಲೆ, "ಮಾವನವರು ಬೇಡ ಅಂದಿದ್ದು ನನಗೂ ಕೇಳಿಸಿತ್ತು ರೀ" ಅಂದಳು, ಅಷ್ಟೇ.

ಊರಿಗೆ ಎರಡು ವಾರ ಫೋನ್ ಮಾಡಲಿಲ್ಲ. ಏನಂತ ಮಾಡೋದು? ರಾತ್ರಿ ಇಂಜಿನ್ ಇಳಿಸಿದೆ. ಈ ಪಿಸ್ಟನ್ ಸಿಕ್ತು, ಮುಂದಿನ ಸಿಲಿಂಡರಿನದು. ಎರಡು ವಾರ ನಾನು ಮಾಡಿದ್ದು ಇಷ್ಟೇ: ಸಿಲಿಂಡರ್ ವಾಪಸ್ ಕೂರಿಸಿ, ಒಳಗೆ ಬರೋ ದಾರಿ, ಹೊರಗೆ ಹೋಗೋ ದಾರಿ ಎರಡನ್ನೂ ರಬ್ಬರ್, ತಗಡು ಇಟ್ಟು ಮುಚ್ಚಿ, ಸೈಕಲ್ ಪಂಪಿನಿಂದ 7 ಪಿಎಸ್‌ಐ ಗಾಳಿ ತುಂಬಿಸಿದೆ. ಗಾಳಿ ನಿಲ್ಲಬೇಕು. ಮುಳ್ಳು ಕಣ್ಣೆದುರೇ ಇಳೀತು. ಸೋಪು ನೀರು ಹಚ್ಚಿದೆ. ಮ್ಯಾಗ್ನೆಟೋ ಹಿಂದಿನ ಸೀಲಿನ ಸುತ್ತ ಅಕ್ಕಿ ಕುದಿಯುವಾಗ ಬರೋ ಹಾಗೆ ಗುಳ್ಳೆ.

ಅದರ ವಿಡಿಯೋ ತೆಗೆದು ಅಪ್ಪನಿಗೆ ಕಳಿಸಿದೆ. ಕ್ಷಮಿಸಿ ಅಂತ ಏನೂ ಬರೀಲಿಲ್ಲ, ನಮ್ಮ ಮನೇಲಿ ಆ ಪದ್ಧತಿ ಇಲ್ಲ. ಹತ್ತು ನಿಮಿಷಕ್ಕೆ ಫೋನ್ ಬಂತು.

"ಇನ್ನೊಂದು ಕಡೀದು?"

"ಅದು ಸೋರಿಲ್ಲ ಅಪ್ಪಾ."

"ಎರಡೂ ಬದಲಿ ಮಾಡು. ಒಂದ ವಯಸ್ಸಿನವು ಅವು."

ಕ್ರ್ಯಾಂಕ್‌ಕೇಸ್ ಬಿಚ್ಚಿ ಎರಡೂ ಸೀಲ್ ಹಾಕಿದೆ. ಹೆಡ್ ಹಳೇದನ್ನೇ, ಸವೆಸದೇ ಇರೋದನ್ನ, ಹುಡುಕಿ ತಂದೆ. ಸಿಲಿಂಡರ್ ಮತ್ತೆ ಬೋರ್, ಈ ಸಲ 1 ಮಿಲಿಮೀಟರ್. ಒಟ್ಟು 1,400 ಡಾಲರ್ ಆಯ್ತು. 300ರ ಗಾಡಿಗೆ.

2018ರ ಬೇಸಿಗೆಯಲ್ಲಿ ಅಪ್ಪ ಅವ್ವ ಬಂದ್ರು. ಅಪ್ಪ ಸರೋವರದ ಕಟ್ಟೆ ಮೇಲೆ ಪಂಚೆ ಎತ್ತಿ ಕಟ್ಟಿ ನಿಂತು, ಪಕ್ಕದ ಸಣ್ಣ ತೂತಿನಿಂದ ಚಿಮ್ಮೋ ಕೂಲಿಂಗ್ ನೀರಿಗೆ ಕೈ ಒಡ್ಡಿ ಬಿಸಿ ನೋಡಿದ್ರು. ಥ್ರಾಟಲ್ ಕೊಟ್ಟು ಬಿಟ್ಟೆ, ಸದ್ದು ತಟ್ಟನೆ ಇಳೀತು. "ಹೂಂ" ಅಂದ್ರು. ನಾನು ಒಂದು ಸುತ್ತು ಹೋಗಿ ಬರೋವರೆಗೂ ಕೂರಲಿಲ್ಲ. ನೀವೂ ಬನ್ನಿ ಅಂದ್ರೆ, "ಕುರ್ಚಿ ಇಲ್ಲದ ಗಾಡಿ ನನಗ ಬ್ಯಾಡ" ಅಂದ್ರು.

ವಾಪಸ್ ಬರುವಾಗ ಗಾಡಿ ಮಾರಿದೆ, 900 ಡಾಲರಿಗೆ. ಸುಟ್ಟ ಪಿಸ್ಟನ್ ನನ್ನ ಹತ್ರ ಉಳೀತು. ಅದರ ಜತೆಯದನ್ನ, ಚೆನ್ನಾಗಿದ್ದಿದ್ದನ್ನ, ಅಪ್ಪ ಸೂಟ್‌ಕೇಸಿನಲ್ಲಿ ಹಾಕ್ಕೊಂಡು ಹೋದ್ರು. ರಾಣೆಬೆನ್ನೂರಿನ ಅಂಗಡಿಯಲ್ಲಿ ದೇವರ ಪಟದ ಕೆಳಗೆ ಮಗುಚಿ ಇಟ್ಟಿದ್ದಾರೆ, ಅದರೊಳಗೆ ವಾಷರು, ಸಣ್ಣ ಬೋಲ್ಟು.

ಪ್ರಶ್ನೆ ಇದ್ರೆ ಕೇಳಿ. ಪಿಸ್ಟನ್ ಕೈಯಲ್ಲಿ ಹಿಡಿದು ನೋಡೋರು ಮುಂದೆ ಬನ್ನಿ, ಗೀರಿನ ಕಡೆ ಬೆರಳು ಸವರಬೇಡಿ, ಅಂಚು ಇನ್ನೂ ಚೂಪಾಗಿದೆ.