ಠೇವಣಿದಾರನೇ ಒಡೆಯ, ಒಡೆಯನೇ ಕಾವಲುಗಾರ

(ಪುಣೆಯ ಬಿಬವೇವಾಡಿಯಲ್ಲಿ ಸಮಾಜ ಬಾಂಧವರ ಸಭೆಯಲ್ಲಿ ನೀಡಿದ ಉಪನ್ಯಾಸ)



ಮರಾಠಿಯಲ್ಲಿ ‘ಪತಸಂಸ್ಥೆ’ ಎನ್ನುವುದನ್ನೇ ಕನ್ನಡದಲ್ಲಿ ಪತ್ತಿನ ಸಹಕಾರಿ ಸಂಘ ಎನ್ನುತ್ತಾರೆ. ಬಿಬವೇವಾಡಿಯ ಎಷ್ಟೋ ಮನೆಗಳಲ್ಲಿ ಮಗಳ ಮದುವೆಯ ಹಣ, ನಿವೃತ್ತಿಯ ಗಂಟು ಇಂತಹ ಸಂಘಗಳಲ್ಲಿವೆ. ಆ ಹಣವನ್ನು ಕಾಯುವವರು ಯಾರು ಎಂಬುದೇ ಇಂದಿನ ವಿಷಯ.

ಈ ವ್ಯವಸ್ಥೆ ಹುಟ್ಟಿದ್ದು ಸಾಲದ ಸಂಕಟದಿಂದ. 1875ರ ಮೇ ತಿಂಗಳಲ್ಲಿ ಇದೇ ಪುಣೆ ಜಿಲ್ಲೆಯ ಸುಪೆಯಲ್ಲಿ ರೈತರು ಸಾಹುಕಾರರ ಮೇಲೆ ದಂಗೆಯೆದ್ದು ಸಾಲಪತ್ರಗಳನ್ನು ಸುಟ್ಟರು. ಆ ಸಾಹುಕಾರರಲ್ಲಿ ಮಾರವಾಡಿ, ಗುಜರಾತಿ ವರ್ತಕರು ಅನೇಕರಿದ್ದರು. ವರ್ತಕ ಸಮಾಜವು ಇದನ್ನು ಮರೆಯಬಾರದು. ಮುಂದೆ 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದಿತು. ಮರುವರ್ಷವೇ, ಅಂದು ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದರು. ಸಾಹುಕಾರನ ಬಾಗಿಲಿಗೆ ಹೋಗುತ್ತಿದ್ದವರು ತಾವೇ ಕೂಡಿ ತಮ್ಮ ಸಾಹುಕಾರರಾದರು.

ಸಂಘದ ಲೆಕ್ಕ ಸರಳವಾದುದು. ಸದಸ್ಯರು ಷೇರು ಹಣ ಕೊಡುತ್ತಾರೆ, ಠೇವಣಿ ಇಡುತ್ತಾರೆ. ಆ ಹಣವೇ ಬೇರೆ ಸದಸ್ಯರಿಗೆ ಸಾಲವಾಗುತ್ತದೆ. ಸಾಲದ ಬಡ್ಡಿಗೂ ಠೇವಣಿಯ ಬಡ್ಡಿಗೂ ಇರುವ ಅಂತರದಲ್ಲಿ ಖರ್ಚು ಕಳೆದು ಉಳಿದುದು ಲಾಭ. ಮಹಾರಾಷ್ಟ್ರದ 1960ರ ಸಹಕಾರಿ ಕಾಯಿದೆಯಂತೆ ನಿವ್ವಳ ಲಾಭದಲ್ಲಿ ಕನಿಷ್ಠ ನಾಲ್ಕನೆಯ ಒಂದು ಭಾಗ ಮೀಸಲು ನಿಧಿಗೆ ಹೋಗಬೇಕು. ಷೇರು ಎಷ್ಟಿದ್ದರೂ ಒಬ್ಬ ಸದಸ್ಯನಿಗೆ ಒಂದೇ ಮತ.

ಆದರೆ ಸಂಘವು ಬ್ಯಾಂಕಲ್ಲ. ಬ್ಯಾಂಕಿನ ಠೇವಣಿಗೆ 2020ರ ಫೆಬ್ರವರಿಯಿಂದ ಐದು ಲಕ್ಷ ರೂಪಾಯಿಗಳವರೆಗೆ ವಿಮೆಯಿದೆ. ಪುಣೆಯ ರೂಪೀ ಸಹಕಾರಿ ಬ್ಯಾಂಕಿನ ಮೇಲೆ 2013ರಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿತು. 2022ರಲ್ಲಿ ಅದರ ಪರವಾನಗಿ ರದ್ದಾಯಿತು. ನಡುವಿನ ವರ್ಷಗಳು ಕಠಿಣವಾಗಿದ್ದರೂ ಸಣ್ಣ ಠೇವಣಿದಾರರಿಗೆ ವಿಮೆಯ ಆಸರೆಯಿತ್ತು. ಪತ್ತಿನ ಸಂಘದ ಠೇವಣಿದಾರನಿಗೆ ಆ ಆಸರೆಯೂ ಇಲ್ಲ. ಕೆಲವು ಸಂಘಗಳು ಹೆಸರಿನಲ್ಲಿ ‘ಬ್ಯಾಂಕ್’ ಎಂದು ಬಳಸುತ್ತಿವೆ, ಅವುಗಳ ಠೇವಣಿಗೆ ವಿಮೆಯಿಲ್ಲ ಎಂದು 2021ರ ನವೆಂಬರಿನಲ್ಲಿ ರಿಸರ್ವ್ ಬ್ಯಾಂಕೇ ಎಚ್ಚರಿಸಿತು.

ಹಾಗಾದರೆ ಜನ ಯಾವ ಧೈರ್ಯದಿಂದ ಹಣ ಇಡುತ್ತಾರೆ? ‘ನಿರ್ದೇಶಕರು ನಮ್ಮವರು’ ಎಂಬ ಒಂದೇ ಧೈರ್ಯದಿಂದ. ರೋಗದ ಬೇರು ಇಲ್ಲಿದೆ. ನಮ್ಮವರೆಂದು ಲೆಕ್ಕ ಕೇಳುವುದಿಲ್ಲ. ಕೇಳಿದವನನ್ನು ಸಮಾಜದ್ರೋಹಿ ಎನ್ನುತ್ತಾರೆ. ಆಡಳಿತ ಮಂಡಳಿಯ ಚುನಾವಣೆ ಸಮಾಜದ ಬಣ ರಾಜಕೀಯದ ಅಖಾಡವಾಗುತ್ತದೆ. ಗೆದ್ದ ಬಣದ ನೆಂಟರಿಗೆ ಅಡಮಾನವಿಲ್ಲದೆ ಸಾಲ ಸಿಗುತ್ತದೆ. ಮಾರ್ಚ್ ಬಂದಾಗ ಹಳೆಯ ಸಾಲಕ್ಕೆ ಹೊಸ ಸಾಲ ಬರೆದು ಬಾಕಿಯೇ ಇಲ್ಲವೆಂದು ತೋರಿಸಲಾಗುತ್ತದೆ. ಕಾಗದದ ಮೇಲೆ ಲಾಭ, ತಿಜೋರಿಯಲ್ಲಿ ಶೂನ್ಯ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳನ್ನು ಎಣಿಸುವಾಗ ಕೂಟಲೇಖಕ್ರಿಯೆ, ನ್ಯಾಸಾಪಹಾರ ಎಂಬ ಎರಡನ್ನು ಹೇಳುತ್ತದೆ. ಮೊದಲನೆಯದು ವಂಚನೆಗಾಗಿ ಸುಳ್ಳು ಲೇಖ ಬರೆಯುವುದು. ಎರಡನೆಯದು, ಇಟ್ಟವನು ಮರೆತು ಕಡಿಮೆ ಕೇಳಿದರೆ ಅಷ್ಟನ್ನೇ ಕೊಟ್ಟು ಉಳಿದುದನ್ನು ಇಟ್ಟುಕೊಳ್ಳುವುದು. ಆಚಾರ್ಯರು ಇವನ್ನು ಕಳ್ಳತನದ ಪಟ್ಟಿಗಲ್ಲ, ಸುಳ್ಳಿನ ಪಟ್ಟಿಗೆ ಸೇರಿಸಿರುವುದನ್ನು ಗಮನಿಸಬೇಕು. ಹಣ ಹೋಗುವ ಮೊದಲೇ ಲೆಕ್ಕದಲ್ಲಿ ಸತ್ಯ ಹೋಗಿರುತ್ತದೆ. ಬಸದಿಗೆ ದಾನ ಕೊಟ್ಟ ಕೈ ಸುಳ್ಳು ಜಮಾಖರ್ಚಿಗೆ ಸಹಿ ಹಾಕಿದರೆ ಆ ದಾನ ಅದನ್ನು ತೊಳೆಯದು.

ಆದುದರಿಂದ ಪ್ರತಿ ಸದಸ್ಯನೂ ವಾರ್ಷಿಕ ಸರ್ವಸಾಧಾರಣ ಸಭೆಗೆ ಊಟಕ್ಕಾಗಿ ಅಲ್ಲ, ಲೆಕ್ಕಕ್ಕಾಗಿ ಹೋಗಬೇಕು. ಲೆಕ್ಕಪರಿಶೋಧನಾ ವರದಿಯ ಆಕ್ಷೇಪಗಳನ್ನು ಓದಿಸಬೇಕು. ವಸೂಲಾಗದ ಸಾಲವೆಷ್ಟು, ನಿರ್ದೇಶಕರಿಗೂ ಅವರ ಬಂಧುಗಳಿಗೂ ಕೊಟ್ಟ ಸಾಲವೆಷ್ಟು, ಮೀಸಲು ನಿಧಿಯನ್ನು ಎಲ್ಲಿ ತೊಡಗಿಸಿದೆ ಎಂಬ ಮೂರು ಪ್ರಶ್ನೆಗಳನ್ನು ಎದ್ದುನಿಂತು ಕೇಳಬೇಕು. ಬ್ಯಾಂಕಿಗಿಂತ ಬಹಳ ಹೆಚ್ಚು ಬಡ್ಡಿ ಕೊಡುವೆನೆಂದರೆ ಅದನ್ನು ಎಲ್ಲಿಂದ ಕೊಡುತ್ತೀರೆಂದು ವಿಚಾರಿಸಬೇಕು. ಮನೆಯ ಉಳಿತಾಯವೆಲ್ಲವನ್ನೂ ಒಂದೇ ಕಡೆ ಇಡಬಾರದು.

ಪ್ರಾಮಾಣಿಕ ನಿರ್ದೇಶಕನಿಗೆ ಈ ಪ್ರಶ್ನೆಗಳಿಂದ ಅವಮಾನವಿಲ್ಲ, ರಕ್ಷಣೆಯಿದೆ. ಕಣಗಿನಹಾಳದ ರೈತರು ಕಟ್ಟಿದ ಸಂಘದಲ್ಲಿ ಸಾಹುಕಾರನಿರಲಿಲ್ಲ, ಸದಸ್ಯರಿದ್ದರು. ಸದಸ್ಯನು ಮೌನವಾದ ಕಡೆ ಸಾಹುಕಾರ ಮತ್ತೆ ಹುಟ್ಟುತ್ತಾನೆ, ಈ ಬಾರಿ ನಮ್ಮವನೆಂಬ ಹೆಸರಿನಲ್ಲಿ.